ನೂರ ತೊಂಬತ್ತಮೂರನೆಯ ಪುಟವನ್ನು ಯಾರೂ ಓದದಿರುವ ಬಗ್ಗೆ

ಗ್ರಂಥ ಶಿಸ್ತು ಶಾಖೆಯ ಕಛೇರಿ, ಕೋಲಾರ
ಸುತ್ತೋಲೆ ಸಂಖ್ಯೆ: ಗ್ರಂ.ಶಿ. ೮೮/೪೩-೪೪
ದಿನಾಂಕ: ೧೪-೨-೧೯೪೪, ಸೋಮವಾರ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಎಲ್ಲ ಹೆಡ್‌ಮಾಸ್ಟರುಗಳಿಗೆ, ಉಪಾಧ್ಯಾಯರಿಗೆ, ಗ್ರಾಮದ ಪಟೇಲರಿಗೆ, ಮತ್ತು ರೇಷ್ಮೆ ಹುಳು ಸಾಕುವ ಸಮಸ್ತ ಮನೆಯವರಿಗೆ.

ವಿಷಯ: ಶಾಲಾ ಪುಸ್ತಕ ಪೆಟ್ಟಿಗೆಯಿಂದ ನಿಷೇಧಿಸಲಾದ ಪುಸ್ತಕವೊಂದರ ತೊಂಬತ್ತಾರು ಹಾಳೆಗಳು ರೇಷ್ಮೆ ಹುಳುಗಳ ಅಡಿಯಿಂದ ಹೊರಬಂದು ಸಾರ್ವಜನಿಕರಿಂದ ಓದಲ್ಪಡುತ್ತಿರುವುದು, ಮತ್ತು ಉಳಿದ ಒಂದು ಹಾಳೆ.

ಉಲ್ಲೇಖ:
(೧) ಈ ಕಛೇರಿಯ ಸುತ್ತೋಲೆ ಸಂಖ್ಯೆ ೮೧: ಸದರಿ ಪುಸ್ತಕವನ್ನು ಓದಕೂಡದೆಂಬ ಬಗ್ಗೆ.
(೨) ಸುತ್ತೋಲೆ ಸಂಖ್ಯೆ ೮೨: ಯಾವ ಪುಸ್ತಕವೆಂದು ಕೇಳಕೂಡದೆಂಬ ಬಗ್ಗೆ.
(೩) ಯುದ್ಧಕಾಲದ ಕಾಗದ ಉಳಿತಾಯದ ಆಜ್ಞೆ.
(೪) ಜವಾನ ಎಲ್ಲಪ್ಪನವರ ಸಮಜಾಯಿಷಿಗಳು, ಎರಡು.
(೫) ಹುತ್ತೂರಿನ ಶ್ರೀಮತಿ ದೊಡ್ಡಗಂಗಮ್ಮನವರ ಅರ್ಜಿ.

ಮೇಲ್ಕಂಡ ವಿಷಯದಲ್ಲಿ ಹಿಂದಿನ ಏಳು ಸುತ್ತೋಲೆಗಳು ಸಾಲದೆ ಬಂದುದರಿಂದ ಈ ಎಂಟನೆಯದನ್ನು ಹೊರಡಿಸುವ ಪ್ರಸಂಗ ಒದಗಿದೆ. ಸುತ್ತೋಲೆ ಬರೆಯುವ ಗುಮಾಸ್ತರಿಗೂ ಇರುವುದು ಎರಡೇ ಕೈ, ಅದರಲ್ಲಿ ಬರೆಯುವುದು ಒಂದೇ ಕೈ ಎಂಬುದನ್ನು ಎಲ್ಲರೂ ಗಮನಕ್ಕೆ ತಂದುಕೊಳ್ಳಬೇಕೆಂದು ಮೊದಲಿಗೇ ತಿಳಿಸಲಾಗಿದೆ.

೧. ಪುಸ್ತಕದ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆದರೆ ಪ್ರಚಾರವಾಗುತ್ತದೆ. ಹಿಂದೆ ಹೆಸರು ಹೇಳದೆ ನಿಷೇಧಿಸಿದಾಗ ಮುಳಬಾಗಿಲು ಕಡೆಯ ಒಬ್ಬ ಉಪಾಧ್ಯಾಯರು, ಯಾವುದಕ್ಕೂ ಇರಲಿ ಎಂದು, ಶಾಲೆಯಲ್ಲಿದ್ದ ಅಷ್ಟೂ ಪುಸ್ತಕಗಳನ್ನು ಹಾಜರಿ ಪುಸ್ತಕದ ಸಮೇತ ಬೀರುವಿನಲ್ಲಿಟ್ಟು ಬೀಗ ಜಡಿದು ಬೀಗದ ಕೈಯನ್ನು ಈ ಕಛೇರಿಗೆ ಕಳುಹಿಸಿದರು. ಅಂದಿನಿಂದ ಆ ಶಾಲೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಸರ್ಕಾರಕ್ಕೆ ತಿಳಿಯದಾಗಿದೆ. ಸದರಿ ಉಪಾಧ್ಯಾಯರ ಶ್ರದ್ಧೆಯನ್ನು ಮೆಚ್ಚಲಾಗಿದೆ. ಬೀಗದ ಕೈ ಕಳೆದುಹೋಗಿದೆ.

೨. ನಿಷೇಧಕ್ಕೆ ಕಾರಣವೇನೆಂದು ಪದೇ ಪದೇ ಕೇಳಲಾಗುತ್ತಿರುವುದರಿಂದ ಇನ್ನೊಂದು ಸಲ, ಕೊನೆಯ ಸಲ, ಹೇಳಲಾಗುತ್ತಿದೆ. ಊರಿಂದೂರಿಗೆ ಗಾಡಿಯಲ್ಲಿ ಹೋಗುವ ಶಾಲಾ ಪುಸ್ತಕ ಪೆಟ್ಟಿಗೆಯು ಕಳೆದ ಆಗಸ್ಟ್ ತಿಂಗಳಲ್ಲಿ ಹುತ್ತೂರು ಶಾಲೆಯಲ್ಲಿತ್ತು. ಇನ್‌ಸ್ಪೆಕ್ಟರ್ ಶ್ರೀರಾಮಪ್ಪನವರು ತನಿಖೆಗೆಂದು ನಾಲ್ಕನೆಯ ತರಗತಿಯೊಳಗೆ ಕಾಲಿಟ್ಟಾಗ ಹೆಡ್‌ಮಾಸ್ಟರ್ ಮುನಿಯಲ್ಲಪ್ಪನವರು ಪೆಟ್ಟಿಗೆಯ ಪುಸ್ತಕವೊಂದನ್ನು ಗಟ್ಟಿಯಾಗಿ ಓದುತ್ತಿದ್ದರು. ಒಬ್ಬ ವಿದ್ಯಾರ್ಥಿಯೂ ಎದ್ದು ನಿಲ್ಲಲಿಲ್ಲ. ಒಬ್ಬನೂ ನಮಸ್ಕಾರ ಸಾರ್ ಅನ್ನಲಿಲ್ಲ. ಹೆಡ್‌ಮಾಸ್ಟರೂ ತಲೆಯೆತ್ತಲಿಲ್ಲ. ಇನ್‌ಸ್ಪೆಕ್ಟರವರು ಬಾಗಿಲಲ್ಲಿ ಹನ್ನೊಂದು ನಿಮಿಷ ನಿಂತಿದ್ದರು. ತಕ್ಷಣವೇ ಏಕೆ ಕೆಮ್ಮಲಿಲ್ಲ ಎಂದು ಅವರನ್ನು ಕೇಳಲಾಗಿ, "ಆ ಹೆಂಗಸು ಮಗುವನ್ನೆತ್ತಿಕೊಂಡು ಕೆರೆ ಏರಿಯ ಮೇಲೆ ಬರುತ್ತಿದ್ದಳು, ಕತ್ತಲಾಗುತ್ತಿತ್ತು, ಆಗ ಕೆಮ್ಮುವುದು ಸರಿಯೆನಿಸಲಿಲ್ಲ" ಎಂದು ಬರಹದ ಮೂಲಕ ಉತ್ತರಿಸಿದ್ದಾರೆ. ಇನ್‌ಸ್ಪೆಕ್ಟರಿಗೇ ಕೆಮ್ಮು ಬಾರದಂತೆ ಮಾಡುವ ಪುಸ್ತಕ ಮಕ್ಕಳನ್ನು ಏನು ಮಾಡೀತು ಎಂಬುದನ್ನು ವಿವರಿಸಬೇಕಾಗಿಲ್ಲ.

೩. ಪುಸ್ತಕವನ್ನು ಪರಿಶೀಲಿಸಲು ಮೂವರ ಸಮಿತಿಯನ್ನು ನೇಮಿಸಲಾಯಿತು. ಓದಿದವರು ಅದರ ವಶವಾಗಿರುತ್ತಾರೆ, ವಶವಾದವರ ಅಭಿಪ್ರಾಯ ನಿಷ್ಪಕ್ಷಪಾತವಲ್ಲ, ಆದ್ದರಿಂದ ಸಮಿತಿಯವರು ಪುಸ್ತಕವನ್ನು ತೆರೆಯತಕ್ಕದ್ದಲ್ಲವೆಂದು ವಿಧಿಸಲಾಗಿತ್ತು. ಒಬ್ಬರು ತೂಗಿ ನೋಡಿದರು. ಒಬ್ಬರು ಮೂಸಿ ನೋಡಿದರು. ಮೂರನೆಯವರು ತಲೆಕೆಳಗಾಗಿ ಹಿಡಿದು ಕೊಡವಿ, ಏನೂ ಉದುರಲಿಲ್ಲವಾದರೂ ಒಳಗೆ ಏನೋ ಇದೆಯೆಂದು ಖಚಿತಪಡಿಸಿದರು. ವರದಿ ಒಮ್ಮತದ್ದಾಗಿದೆ.

೪. ನಿಷೇಧಿತ ಪುಸ್ತಕವನ್ನು ಸುಡುವುದು ವಾಡಿಕೆ. ಆದರೆ ಉಲ್ಲೇಖ (೩)ರ ಆಜ್ಞೆಯಂತೆ ಯುದ್ಧ ಮುಗಿಯುವವರೆಗೆ ಯಾವ ಸರ್ಕಾರಿ ಕಛೇರಿಯೂ ಒಂದು ಚೂರು ಕಾಗದವನ್ನೂ ಸುಡುವಂತಿಲ್ಲ, ಬಿಸಾಡುವಂತಿಲ್ಲ. ಖಾಲಿ ಮಗ್ಗುಲಿದ್ದರೆ ಅದರ ಮೇಲೆ ಬರೆಯತಕ್ಕದ್ದು, ಇಲ್ಲದಿದ್ದರೆ ಇನ್ನೊಂದು ಉಪಯೋಗಕ್ಕೆ ಕೊಡತಕ್ಕದ್ದು. ಇದೇ ವೇಳೆಗೆ ರೇಷ್ಮೆ ಸಾಕುವ ಮನೆಗಳಿಂದ, ಮರಿಹುಳುಗಳ ತಟ್ಟೆಯಲ್ಲಿ ಹಾಸಲು ಕಾಗದವಿಲ್ಲವೆಂದು ದೂರು ಬಂದಿತ್ತು. ರೇಷ್ಮೆ ಯುದ್ಧಕ್ಕೆ ಬೇಕಾದ ಸಾಮಾನು. ಪ್ಯಾರಾಚೂಟು ಆಗುವುದು ಅದರಿಂದಲೇ. ಆದಕಾರಣ ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆಗಳನ್ನು ಹುಳುಮನೆಗಳಿಗೆ ಹಂಚಲು ತೀರ್ಮಾನಿಸಲಾಯಿತು. ಕಥೆ ಹುಳುವಿನ ಅಡಿಗೆ ಸೇರಿದರೆ ಅಲ್ಲಿಗೆ ಮುಗಿಯಿತು ಎಂದು ಭಾವಿಸಲಾಗಿತ್ತು.

೫. ಯಾರೂ ಅನುಕ್ರಮವಾಗಿ ಓದಬಾರದೆಂಬ ಉದ್ದೇಶದಿಂದ ಮೊದಲನೆಯ ಹಾಳೆಯನ್ನು ಮಾಲೂರು ತಾಲ್ಲೂಕಿಗೂ, ಎರಡನೆಯದನ್ನು ಮುಳಬಾಗಿಲಿಗೂ, ಮೂರನೆಯದನ್ನು ಶ್ರೀನಿವಾಸಪುರಕ್ಕೂ, ನಾಲ್ಕನೆಯದನ್ನು ಕೋಲಾರಕ್ಕೂ, ಐದನೆಯದನ್ನು ಮತ್ತೆ ಮಾಲೂರಿಗೂ ಕೊಟ್ಟು, ಹೀಗೆ ತಾಲ್ಲೂಕಿಗೆ ಇಪ್ಪತ್ತನಾಲ್ಕರಂತೆ ತೊಂಬತ್ತಾರು ಹಾಳೆಗಳನ್ನು ಚದುರಿಸಲಾಯಿತು. ತೊಂಬತ್ತೇಳನೆಯ ಹಾಳೆ ಕಛೇರಿಯಲ್ಲೇ ಉಳಿಯಿತು. ಅದರ ಒಂದು ಮಗ್ಗುಲಲ್ಲಿ ಕೊನೆಯ ಪುಟವಾದ ೧೯೩ ಮುದ್ರಿತವಾಗಿದ್ದು, ಇನ್ನೊಂದು ಮಗ್ಗುಲು ಖಾಲಿ ಇತ್ತು. ಆ ಖಾಲಿ ಮಗ್ಗುಲಿನ ಮೇಲೆ ಮಾನ್ಯ ಅಧಿಕಾರಿಗಳು ಈ ಪುಸ್ತಕದ ನಿಷೇಧಾಜ್ಞೆಯನ್ನೇ ಬರೆದು ಮೊಹರು ಹಾಕಿದರು. ಹಾಳೆಯನ್ನು ತಿರುಗಿಸಿ ನೋಡಲಿಲ್ಲ.

೬. ನಾಲ್ಕು ತಾಲ್ಲೂಕಿನ ರೇಷ್ಮೆ ಗೂಡೂ ಕೋಲಾರದ ಒಂದೇ ಸಂತೆಗೆ ಬರುತ್ತದೆಂಬ ಸಂಗತಿ ಈ ಯೋಜನೆಯನ್ನು ತಯಾರಿಸಿದವರಿಗೆ ತಿಳಿದಿರಲಿಲ್ಲ. ಅವರು ರೇಷ್ಮೆ ಉಡುವ ಮನೆಯವರೇ ಹೊರತು ಸಾಕುವ ಮನೆಯವರಲ್ಲ. ಹುಳು ಸ್ವಲ್ಪ ಬಲಿತ ಮೇಲೆ ತಟ್ಟೆಯ ಕಾಗದ ಬದಲಾಯಿಸುವುದು ಪದ್ಧತಿ. ಬದಲಾಯಿಸಿದ ಹಾಳೆಗಳನ್ನು ಹೆಂಗಸರು ಹಿಕ್ಕೆ ಕೊಡವಿ, ಮಡಿಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ತರಲಾರಂಭಿಸಿದರು. ಗೂಡಿನ ಬುಟ್ಟಿಗಳ ನಡುವೆ "ನಂತಾವ ನಲವತ್ತೇಳೈತೆ ಕಣಕ್ಕ, ನಲವತ್ತೊಂಬತ್ತು ಯಾರ್ತಾವಾದ್ರೂ ಐತಾ?" ಎಂಬ ಕೂಗು ಕೇಳಿಬರುತ್ತಿದೆಯೆಂದು ಸಂತೆಯ ಕಾವಲಿನವರು ವರದಿ ಮಾಡಿದ್ದಾರೆ. ಕಾವಲಿನವರ ಜೇಬಿನಲ್ಲಿ ನಲವತ್ತೊಂಬತ್ತನೆಯ ಪುಟ ದೊರೆತಿದೆ.

೭. ಇದರಿಂದಾಗಿ ಹುತ್ತೂರಿನ ವಯಸ್ಕರ ಅಕ್ಷರ ವರ್ಗದ ಹಾಜರಿ ಮೂರರಿಂದ ಅರವತ್ತೊಂದಕ್ಕೆ ಏರಿದೆ. ಇಲಾಖೆಯ ಅಕ್ಷರ ಪ್ರಚಾರ ಶಾಖೆಯು ಈ ಶಾಖೆಯನ್ನು ಅಭಿನಂದಿಸಿ ಪತ್ರ ಬರೆದಿದೆ, ಇನ್ನಷ್ಟು ಪುಸ್ತಕಗಳನ್ನು ಹೀಗೆಯೇ ನಿಷೇಧಿಸಿ ಸಹಕರಿಸಬೇಕೆಂದು ಕೋರಿದೆ. ಈ ಪತ್ರಕ್ಕೆ ಏನು ಉತ್ತರ ಬರೆಯಬೇಕೆಂದು ಹೊಳೆಯದೆ ಕಡತವನ್ನು ಮೇಜಿನ ಮೇಲಿಂದ ಬೀರುವಿನ ಮೇಲಕ್ಕೆ ವರ್ಗಾಯಿಸಲಾಗಿದೆ.

೮. ಮಾಲೂರಿನ ಒಂದು ಬೀದಿಯಲ್ಲಿ ಅರವತ್ತೈದನೆಯ ಪುಟ ಓದಿದ ದಿನ ಹದಿನಾಲ್ಕು ಮನೆಗಳಲ್ಲಿ ಒಟ್ಟಿಗೇ ಹುರುಳಿಕಾಳು ಬಸ್ಸಾರು ಆಗಿರುವುದು ಕಂಡುಬಂದಿದೆ. ಕಥೆಯಲ್ಲಿ ಯಾರೋ ಬಸ್ಸಾರು ಉಣ್ಣುತ್ತಾರಂತೆ. ಬಸ್ಸಾರು ಮಾಡುವುದು ಅಪರಾಧವಲ್ಲ. ಆದರೆ ಸ್ವಂತ ಹಸಿವಿನಿಂದ ಮಾಡಿದ ಬಸ್ಸಾರು ಯಾವುದು, ಪುಟದ ಪ್ರೇರಣೆಯಿಂದ ಮಾಡಿದ ಬಸ್ಸಾರು ಯಾವುದು ಎಂದು ತೀರ್ಮಾನಿಸಲು ಗ್ರಾಮದ ಪಟೇಲರು ಮನೆಮನೆಗೆ ಹೋಗಿ ರುಚಿ ನೋಡತಕ್ಕದ್ದು. ಎರಡನೆಯ ಸಲ ಬಡಿಸಿಕೊಳ್ಳತಕ್ಕದ್ದಲ್ಲ.

೯. ಮುಳಬಾಗಿಲು ಗಡಿಯ ಗ್ರಾಮಗಳಲ್ಲಿ ಪುಟಗಳನ್ನು ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಅಳುತ್ತಿರುವುದು ಗಮನಕ್ಕೆ ಬಂದಿದೆ. ನಿಷೇಧ ಇರುವುದು ಕನ್ನಡ ಪುಸ್ತಕಕ್ಕೆ, ನಾವು ಅತ್ತಿದ್ದು ತೆಲುಗಿನಲ್ಲಿ ಎಂಬ ವಾದವನ್ನು ತಳ್ಳಿಹಾಕಲಾಗಿದೆ. ಯಾವ ಭಾಷೆಯಲ್ಲಿ ಅತ್ತರೂ ಓದಿದಂತೆಯೇ ಪರಿಗಣಿಸಲಾಗುವುದು.

೧೦. ಹಾಳೆಗಳನ್ನು ಹಿಂದಕ್ಕೆ ಪಡೆಯಲು ಜವಾನ ಎಲ್ಲಪ್ಪನವರನ್ನು ಸುಗಟೂರಿನ ಬಚ್ಚಮ್ಮನವರ ಹುಳುಮನೆಗೆ ಕಳುಹಿಸಲಾಗಿತ್ತು. ಎಲ್ಲಪ್ಪನವರು ಬರಿಗೈಯಲ್ಲಿ ಬಂದರು. ಅವರ ಮೊದಲ ಸಮಜಾಯಿಷಿ ಹೀಗಿದೆ:

"ಸ್ವಾಮಿ, ಬಚ್ಚಕ್ಕ ಬಾಗಿಲಲ್ಲೇ ತಡೆದ್ಬಿಟ್ಳು. 'ಏನ್ಲಾ ಎಲ್ಲಪ್ಪ, ಹುಳ ಜ್ವರಕ್ಕೆ ಕೂತೈತೆ, ಈಗ ಹೊರಗಿನೋರು ಒಳಕ್ಕೆ ಬರಂಗಿಲ್ಲ ಅಂತ ನಿಂಗೊತ್ತಿಲ್ವಾ? ದೊರೆ ಬಂದ್ರೂ ಅಷ್ಟೇ. ಕಾಲ್ ತೊಳ್ಕೊಂಡು ಜಗಲಿ ಮೇಲೆ ಕೂತ್ಕೋ' ಅಂದ್ಳು. ಕೂತ್ಕೊಂಡೆ. ಒಳಗೆ ಓದ್ತಾ ಇದ್ರು. ಕಿವಿ ಮುಚ್ಕೋ ಅಂತ ನಂಗೆ ಆರ್ಡರ್ ಇರ್ಲಿಲ್ಲ ಸ್ವಾಮಿ."

ಹುಳು ಜ್ವರಕ್ಕೆ ಕೂರುವುದೆಂದರೆ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿಕೊಂಡು, ಒಂದು ದಿನ ಅಲುಗಾಡದೆ ಇರುವುದು. ಆಗ ತಟ್ಟೆಯನ್ನು ಮುಟ್ಟಿದರೆ ಹುಳು ಕೆಡುತ್ತದೆ, ಹುಳು ಕೆಟ್ಟರೆ ಪ್ಯಾರಾಚೂಟು ಕೆಡುತ್ತದೆ. ಆದ್ದರಿಂದ ಬಚ್ಚಮ್ಮನವರ ಮೇಲೆ ಕ್ರಮ ಕೈಗೊಳ್ಳಲು ಬಾರದೆ ಎಲ್ಲಪ್ಪನವರ ಮೇಲೆ ಕೈಗೊಳ್ಳಲಾಯಿತು. ಮರುದಿನ, ಅದರ ಮರುದಿನ, ಮತ್ತೂ ಮರುದಿನ ಅವರು ರಜೆಯಿಲ್ಲದೆ ಸುಗಟೂರಿನ ಅದೇ ಜಗಲಿಯ ಮೇಲೆ ಕಂಡುಬಂದರು. ಎರಡನೆಯ ಸಮಜಾಯಿಷಿ ಒಂದೇ ಸಾಲಿನದು: "ಆಮೇಲೇನಾಯ್ತು ಅಂತ ಕೇಳೋಕ್ ಹೋಗಿದ್ದೆ, ತಪ್ಪಾಯ್ತು."

೧೧. ಇನ್ನು ಮುಂದೆ ನಿಷೇಧಿತ ಪುಟ ಓದುವ ಮನೆಗಳ ಮುಂದೆ ಹಾದುಹೋಗುವ ಸರ್ಕಾರಿ ನೌಕರರು ಎರಡೂ ಕಿವಿ ಮುಚ್ಚಿಕೊಳ್ಳತಕ್ಕದ್ದು. ಕೈಯಲ್ಲಿ ಕಡತವಿದ್ದರೆ ಒಂದು ಕಿವಿ ಮುಚ್ಚಿಕೊಂಡರೆ ಸಾಕು. ಆದರೆ ತೆರೆದಿರುವ ಕಿವಿಯಿಂದ ಅರ್ಧಕ್ಕಿಂತ ಹೆಚ್ಚು ಕೇಳಿಸಿಕೊಳ್ಳತಕ್ಕದ್ದಲ್ಲ. ಸೈಕಲ್ಲಿನ ಮೇಲಿರುವವರು ಗಂಟೆ ಬಾರಿಸಬಹುದು.

೧೨. ಜ್ವರಕ್ಕೆ ಕೂತ ಹುಳುಗಳು ತಲೆಯೆತ್ತಿಕೊಂಡಿರುವುದನ್ನು ಕಿಟಕಿಯಿಂದ ಕಂಡ ಶ್ರೀನಿವಾಸಪುರದ ಹೊಸ ಗುಮಾಸ್ತರೊಬ್ಬರು, ಹುಳುಗಳೂ ಕಥೆ ಕೇಳುತ್ತಿವೆಯೆಂದು ತುರ್ತು ತಂತಿ ಕೊಟ್ಟಿದ್ದಾರೆ. ಹುಳುಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಅಯ್ಯೋ ಎಂದು ಬರೆಯಲು ಇಲಾಖೆಯ ನಿಯಮಗಳಲ್ಲಿ ಅವಕಾಶವಿಲ್ಲದ್ದರಿಂದ ಇಲ್ಲಿ ಬರೆದಿಲ್ಲ.

೧೩. ಅಕ್ಷರ ಕಲಿಸುವುದು ಉಪಾಧ್ಯಾಯರ ಕರ್ತವ್ಯ. ಕಲಿತ ಅಕ್ಷರವನ್ನು ಮನಸ್ಸು ಬಂದ ಕಡೆ ಬಳಸುವ ಅಧಿಕಾರ ಅದರಲ್ಲಿ ಅಡಕವಾಗಿಲ್ಲ. ಅಕ್ಷರಸ್ಥರು ಈ ಕೆಳಕಂಡವನ್ನು ನಿರ್ಭಯವಾಗಿ ಓದಬಹುದು: (ಅ) ಮೋಟಾರು ಬಸ್ಸಿನ ಬೋರ್ಡು, ಬಸ್ಸು ನಿಂತಿರುವಾಗ, (ಆ) ಬೆಂಕಿಪೆಟ್ಟಿಗೆಯ ಮೇಲ್ಭಾಗ, (ಇ) ತಮ್ಮ ಸ್ವಂತ ಹೆಸರು, ದಿನಕ್ಕೆ ಎರಡು ಸಲ, (ಈ) ಈ ಕಛೇರಿಯ ಸುತ್ತೋಲೆಗಳು. (ಈ)ಯನ್ನು ಈವರೆಗೆ ಯಾರೂ ಓದಿದಂತಿಲ್ಲ. ತೊಂಬತ್ತಾರು ಹಾಳೆ ಹುಡುಕಿಕೊಂಡು ನಾಲ್ಕು ತಾಲ್ಲೂಕು ಸುತ್ತುವ ಜನ, ಶಾಲೆಯ ಬಾಗಿಲಿಗೇ ಅಂಟಿಸಿದ ಏಳು ಸುತ್ತೋಲೆಗಳ ಕಡೆ ಕಣ್ಣೆತ್ತಿಯೂ ನೋಡದಿರುವುದು ಬರೆದವರಿಗೆ ನೋವುಂಟುಮಾಡಿದೆ.

೧೪. ಈಗ ಮುಖ್ಯ ವಿಷಯಕ್ಕೆ ಬರಲಾಗಿದೆ. ತೊಂಬತ್ತಾರೂ ಹಾಳೆಗಳು ಸದ್ಯ ಹುತ್ತೂರಿನ ರೇಷ್ಮೆ ಸಾಕುವ ಶ್ರೀಮತಿ ದೊಡ್ಡಗಂಗಮ್ಮನವರ ಬಳಿ ಇವೆ. ಅವರು ಅಕ್ಷರ ಕಲಿತು ಏಳು ತಿಂಗಳಾಗಿದೆ. ಹಾಳೆಗಳನ್ನು ಈ ತಿಂಗಳ ಕೊನೆಯೊಳಗೆ ಒಪ್ಪಿಸದಿದ್ದಲ್ಲಿ ಅವರ ಹುಳುಮನೆಗೆ ಬೀಗ ಹಾಕಲಾಗುವುದೆಂದು ನೋಟೀಸು ಕೊಡಲಾಗಿ, ಅವರು ತಮ್ಮ ಸ್ವಂತ ಕೈಯಿಂದ ಬರೆದು ಸಲ್ಲಿಸಿದ ಅರ್ಜಿಯನ್ನು ಇದ್ದಂತೆಯೇ ಇಲ್ಲಿ ನಕಲು ಮಾಡಿದೆ. ಅಧಿಕಾರಿಗಳು ಸಾರಾಂಶ ಸಾಕು ಎಂದಿದ್ದರು. ಸಾರಾಂಶ ಮಾಡಲು ಹೆಡ್ ಗುಮಾಸ್ತರಿಂದ ಆಗಲಿಲ್ಲ.

"ದೊಡ್ಡ ಸಾಹೇಬ್ರಿಗೆ ಹುತ್ತೂರು ದೊಡ್ಡಗಂಗಮ್ಮ ಮಾಡೋ ನಮಸ್ಕಾರ. ಹಾಳೆ ನನ್ ಹತ್ರ ಅವೆ, ಇಲ್ಲ ಅನ್ನಲ್ಲ. ಸಂತೇಲಿ ಒಬ್ಬೊಬ್ರನ್ನೂ ಕೇಳಿ ಇಸ್ಕೊಂಡು, ಒರೆಸಿ, ನಮ್ಮನೆ ನೂಲಲ್ಲೇ ಹೊಲ್ದಿದೀನಿ. ನಾನು ಹುಟ್ಟಿದ್ಮೇಲೆ ಓದಿದ್ದು ಇದೊಂದೇ. ನೂರ ತೊಂಬತ್ತೆರಡ್ನೇ ಪುಟದಲ್ಲಿ ಮುತ್ಯಾಲ ಅನ್ನೋಳು ಗಂಡನ ಮನೆ ಬಿಟ್ಟು, ಕೂಸ್ನ ಎತ್ಕೊಂಡು ಬಂದು, ಅವ್ರಮ್ಮನ ಮನೆ ಬಾಗಿಲು ತಟ್ತಾಳೆ. ಅಲ್ಲಿಗೆ ನಿಂತೋಗೈತೆ. ಮುಂದಿನ ಹಾಳೆ ನಿಮ್ ಹತ್ರ ಐತಂತೆ.

"ನನ್ ಮಗಳು ಅಂಜಮ್ಮನ್ನ ಮಾಲೂರು ತಾಲ್ಲೂಕು ಲಕ್ಕೂರಿಗೆ ಕೊಟ್ಟಿದೀನಿ. ಹೋದ ವರ್ಷ ಅವಳೂ ಹಿಂಗೇ ಬಂದು ಬಾಗಿಲು ತಟ್ಟಿದ್ಳು. ಬೆನ್ನು ತೋರ್ಸಿದ್ಳು, ಬಾಸುಂಡೆ ಎದ್ದಿತ್ತು. ಊರೋರು ಏನಂತಾರೋ ಅಂತ ಹೆದ್ರಿ, ಹೊಸ್ಲು ದಾಟಿಸ್ದೆ ಒಂದ್ ಲೋಟ ಮಜ್ಜಿಗೆ ಕೊಟ್ಟು ವಾಪಸ್ ಕಳ್ಸಿಬಿಟ್ಟೆ ಸ್ವಾಮಿ. ಮಜ್ಜಿಗೆ ಕುಡ್ದು ಲೋಟ ತೊಳ್ದು ಬೋರಲು ಹಾಕಿ ಹೋದ್ಳು. ಈಗ ಮತ್ತೆ ಹೇಳ್ಕಳ್ಸವ್ಳೆ, ಬರೋ ಶುಕ್ರವಾರ ಬರ್ತೀನಿ, ಬರ್ಲಾ ಬ್ಯಾಡ್ವಾ ಅಂತ. ನಮ್ಮೂರ ಹಿರೀಕರು ಬ್ಯಾಡ ಅನ್ನು ಅಂತಾವ್ರೆ. ನಂಗೆ ಧೈರ್ಯ ಸಾಲ್ದು. ಆ ಬುಕ್ಕಿನಲ್ಲಿರೋ ತಾಯಿ ಏನ್ ಮಾಡಿದ್ಳು ಅಂತ ನಂಗೆ ಗೊತ್ತಾಗ್ಲೇಬೇಕು. ಅವಳೂ ನನ್ನಂಗೇ ಕಳ್ಸಿಬಿಟ್ಟಿದ್ರೆ ಅದೂ ಗೊತ್ತಾಗ್ಲಿ. ಆ ಒಂದು ಹಾಳೆ ತೋರ್ಸಿ, ನಿಂತ್ಕೊಂಡೇ ಓದ್ತೀನಿ. ತೊಂಬತ್ತಾರೂ ನಿಮ್ ಮೇಜಿನ ಮೇಲೆ ಇಟ್ಟು ಹೋಗ್ತೀನಿ."

೧೫. ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ತಿರಸ್ಕರಿಸಲಾಗಿದೆ. ೧೯೩ನೆಯ ಪುಟದ ಹಿಂಭಾಗದಲ್ಲಿ ನಿಷೇಧಾಜ್ಞೆಯೇ ಇರುವುದರಿಂದ ಆ ಹಾಳೆ ಈಗ ಸರ್ಕಾರಿ ದಾಖಲೆ. ದಾಖಲೆಯನ್ನು ಸಾರ್ವಜನಿಕರಿಗೆ ತೋರಿಸುವಂತಿಲ್ಲ. ಹಾಳೆಯನ್ನು ಗೋಡೆಗೆ ಅಂಟಿಸಿ ಮುಂಭಾಗ ಮಾತ್ರ ತೋರಿಸಿದರೆ ನಿಷೇಧಾಜ್ಞೆ ಗೋಡೆಯ ಪಾಲಾಗಿ, ನಿಷೇಧವೇ ಬಿದ್ದುಹೋಗುತ್ತದೆ. ಹಾಳೆಯನ್ನು ದಪ್ಪದಲ್ಲಿ ಎರಡಾಗಿ ಸೀಳಬಹುದೇ ಎಂದು ಕ್ಷೌರದ ಕತ್ತಿಯಿಂದ ಬೇರೊಂದು ಕಾಗದದ ಮೇಲೆ ಪ್ರಯೋಗ ಮಾಡಲಾಯಿತು. ಆ ಕಾಗದ ಮಾನ್ಯ ಅಧಿಕಾರಿಗಳ ಬಡ್ತಿಯ ಆದೇಶವಾಗಿತ್ತೆಂದು ತರುವಾಯ ತಿಳಿದುಬಂದಿತು.

೧೬. ಹೀಗಿರಲಾಗಿ ಹೆಡ್ ಗುಮಾಸ್ತ ಕೋದಂಡರಾಮಪ್ಪನವರು ಒಂದು ನಿಯಮದ ತೊಡಕನ್ನು ಅಧಿಕಾರಿಗಳ ಗಮನಕ್ಕೆ ತಂದಿದ್ದಾರೆ. ಏನನ್ನು ಓದಬಾರದೆಂದು ಪ್ರಜೆಗಳಿಗೆ ತಿಳಿಸದೆ ಓದಬೇಡಿರೆನ್ನುವುದು ನ್ಯಾಯವಲ್ಲ. ತೊಂಬತ್ತಾರು ಹಾಳೆಗಳಲ್ಲಿ ಏನಿದೆಯೆಂದು ಈಗ ಎಲ್ಲರಿಗೂ ಗೊತ್ತಿದೆ, ಅವನ್ನು ಓದಬಾರದೆಂಬುದು ತಾನಾಗಿಯೇ ಸ್ಪಷ್ಟವಾಗಿದೆ. ೧೯೩ನೆಯ ಪುಟ ಮಾತ್ರ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಅದನ್ನು ಯಾರಾದರೂ ತಾವಾಗಿಯೇ ಊಹಿಸಿಕೊಂಡುಬಿಟ್ಟರೆ ಹೊಣೆ ಯಾರದು? ಆದಕಾರಣ ಓದಬಾರದ ಭಾಗವನ್ನು ಒಂದಕ್ಷರವೂ ಬಿಡದೆ ಅನುಬಂಧವಾಗಿ ಇಲ್ಲಿ ಕೊಡಲಾಗಿದೆ. ಅನುಷ್ಠಾನದ ಕ್ರಮ:

(ಅ) ನಾಲ್ಕೂ ತಾಲ್ಲೂಕುಗಳ ಪ್ರತಿ ಗ್ರಾಮದಲ್ಲಿ ತಮಟೆ ಹೊಡೆಸಿ, ಜನ ಸೇರಿದ ಮೇಲೆ, ಅನುಬಂಧವನ್ನು ಮೂರು ಸಲ ಓದಿ ಹೇಳಿ, ಇದನ್ನು ಯಾರೂ ಓದತಕ್ಕದ್ದಲ್ಲ ಎಂದು ಸಾರತಕ್ಕದ್ದು.

(ಆ) ನಿಧಾನವಾಗಿ ಓದತಕ್ಕದ್ದು. ಹಿಂದೆ ನಿಂತವರಿಗೆ ಕೇಳದಿದ್ದರೆ ಅವರು ತಿಳಿಯದೆ ತಪ್ಪು ಮಾಡುವ ಸಂಭವವಿದೆ.

(ಇ) ಹುತ್ತೂರಿನಲ್ಲಿ ಓದುವಾಗ ಊರಿನ ಹಿರಿಯರು ಕಡ್ಡಾಯವಾಗಿ ಹಾಜರಿರತಕ್ಕದ್ದು, ಮುಂದಿನ ಸಾಲಿನಲ್ಲಿ ಕೂರತಕ್ಕದ್ದು.

(ಈ) ಈ ಕಾರ್ಯ ಶುಕ್ರವಾರದೊಳಗೆ ಮುಗಿಯತಕ್ಕದ್ದು. ಅಕಾರಾದಿಯಾಗಿ ಗ್ರಾಮಗಳನ್ನು ತೆಗೆದುಕೊಳ್ಳುವ ರೂಢಿಯನ್ನು ಈ ಸಲ ಬಿಟ್ಟು ಲಕ್ಕೂರಿನಿಂದ ಆರಂಭಿಸತಕ್ಕದ್ದು. ಕಾರಣ ಕೇಳಿ ಪತ್ರ ಬರೆಯತಕ್ಕದ್ದಲ್ಲ. ಬರೆದರೆ ಉತ್ತರ ಬರುವುದಿಲ್ಲ.

೧೭. ಅನುಬಂಧವನ್ನು ಕೇಳಿದವರೆಲ್ಲರೂ ಸೂರ್ಯಾಸ್ತದೊಳಗೆ ಅದನ್ನು ಮರೆತು, ಮರೆತ ಬಗ್ಗೆ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ಪ್ರಮಾಣಪತ್ರದಲ್ಲಿ ಏನನ್ನು ಮರೆತಿರುವುದೆಂದು ಪೂರ್ತಿಯಾಗಿ, ಸ್ವಂತ ಕೈಯಿಂದ ಬರೆಯತಕ್ಕದ್ದು. ಬರೆಯಲು ಬಾರದವರು ಹತ್ತಿರದ ಅಕ್ಷರ ವರ್ಗಕ್ಕೆ ಸೇರಿ, ಕಲಿತು, ಬರೆದು, ಮರೆಯತಕ್ಕದ್ದು.

೧೮. ನಿಷೇಧಿತ ಭಾಗ ಇದರಲ್ಲೇ ಇರುವುದರಿಂದ ಈ ಸುತ್ತೋಲೆಯನ್ನು ಓದುವುದು ಮಾನ್ಯ ಅಧಿಕಾರಿಗಳಿಗೂ ನಿಷಿದ್ಧವಾಗುತ್ತದೆಂದು ಹೆಡ್ ಗುಮಾಸ್ತರು ವಿನಯಪೂರ್ವಕವಾಗಿ ಅರಿಕೆ ಮಾಡಿದರು. ಓದದೆ ಸಹಿ ಹಾಕುವುದು ಕಛೇರಿಯ ಹಳೆಯ ಪದ್ಧತಿಗೆ ಅನುಗುಣವಾಗಿಯೇ ಇರುವುದರಿಂದ ಅಧಿಕಾರಿಗಳು ಸಂತೋಷದಿಂದ ಒಪ್ಪಿದರು.

ಅನುಬಂಧ
(ಯಾರೂ ಓದಬಾರದ ಭಾಗ, ಪುಟ ೧೯೩)

ಒಲೆಯ ಮುಂದಿದ್ದ ತಾಯಿ ಎದ್ದು ಬಂದು ಬಾಗಿಲು ತೆಗೆದಳು. ಮಗಳನ್ನು ನೋಡಿದಳು. ಮಗಳ ಸೊಂಟದ ಮೇಲೆ ನಿದ್ದೆ ಹೋಗಿದ್ದ ಕೂಸನ್ನು ನೋಡಿದಳು. ಎದುರುಮನೆ ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರು. ಅವರು ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ತಾಯಿ ಅವರನ್ನೂ ಒಂದು ಸಲ ನೋಡಿದಳು.

"ನಿನ್ನ ಮನೆ ಬಾಗಿಲನ್ನ ನೀನ್ಯಾಕೇ ತಟ್ತೀಯ?" ಎಂದಳು, ಎದುರುಮನೆಗೂ ಕೇಳುವ ಹಾಗೆ. "ತಳ್ಕೊಂಡು ಬರೋಕೆ ಏನಾಗಿತ್ತು ನಿಂಗೆ? ಕೂಸ್ನ ಇಲ್ಲಿ ಕೊಡು, ಕೈ ಸೋತಿರ್ತದೆ."

ಮುತ್ಯಾಲ ಏನೋ ಹೇಳಲು ಬಾಯಿ ತೆರೆದಳು, ಅಳು ಬಂತು.

"ಮೊದ್ಲು ಉಣ್ಣು," ಎಂದಳು ತಾಯಿ. "ಆಮೇಲೆ ಹೇಳೀವಂತೆ. ಹೇಳ್ದೇ ಇದ್ರೂ ಪರವಾಗಿಲ್ಲ."

ಮನೆಯಲ್ಲಿ ಒಂದೇ ಮುದ್ದೆ ಇತ್ತು. ಅದನ್ನು ಮಗಳ ತಟ್ಟೆಗೆ ಹಾಕಿ ತಾಯಿ ಮತ್ತೆ ಎಸರಿಟ್ಟಳು.

(ಅನುಬಂಧ ಮುಗಿಯಿತು)

(ಸಹಿ)
ಗ್ರಂಥ ಶಿಸ್ತು ಅಧಿಕಾರಿಗಳು, ಕೋಲಾರ
(ಕಂಡಿಕೆ ೧೮ರಂತೆ ಓದದೆ ಸಹಿ ಮಾಡಿರುತ್ತಾರೆ)

ಕರಡು: ಕೋದಂಡರಾಮಪ್ಪ, ಹೆಡ್ ಗುಮಾಸ್ತ
ತಾಳೆ ನೋಡಿದವರು: ಎಲ್ಲಪ್ಪ, ಜವಾನ (ಮೂರು ಸಲ)

ಪ್ರತಿಗಳು:

೧. ಇನ್‌ಸ್ಪೆಕ್ಟರ್ ಶ್ರೀರಾಮಪ್ಪನವರಿಗೆ, ಕೊನೆಗೆ ಏನಾಯಿತೆಂದು ಅವರು ಎರಡು ಸಲ ಕಾರ್ಡು ಬರೆದು ಕೇಳಿರುವ ಕಾರಣ.

೨. ಹುತ್ತೂರು ಶಾಲೆಯ ಹೆಡ್‌ಮಾಸ್ಟರ್ ಮುನಿಯಲ್ಲಪ್ಪನವರಿಗೆ, ತರಗತಿಯಲ್ಲಿ ಗಟ್ಟಿಯಾಗಿ ಓದಿ, ಓದಬಾರದೆಂದು ತಿಳಿಸಲು.

೩. ಸುಗಟೂರಿನ ಶ್ರೀಮತಿ ಬಚ್ಚಮ್ಮನವರಿಗೆ, ಬಾಗಿಲಲ್ಲೇ ಕೊಟ್ಟು ಬರುವುದು.

೪. ಅಕ್ಷರ ಪ್ರಚಾರ ಶಾಖೆಗೆ, ಅವರ ಅಭಿನಂದನಾ ಪತ್ರಕ್ಕೆ ಉತ್ತರವಾಗಿ.

೫. ಕಛೇರಿಯ ಕಡತಕ್ಕೆ.

೬. ಹುತ್ತೂರಿನ ಶ್ರೀಮತಿ ದೊಡ್ಡಗಂಗಮ್ಮನವರಿಗೆ, ಅರ್ಜಿಯನ್ನು ತಿರಸ್ಕರಿಸಿದ ಹಿಂಬರಹದೊಂದಿಗೆ. ಕೂತುಕೊಂಡೇ ಓದಬಹುದು.

೭. ಲಕ್ಕೂರಿನ ಶ್ರೀಮತಿ ಅಂಜಮ್ಮನವರಿಗೆ, ಜವಾನ ಎಲ್ಲಪ್ಪನವರ ಮೂಲಕ, ಖುದ್ದು ಕೈಗೆ. ಓದಲು ಬಾರದಿದ್ದಲ್ಲಿ ಜವಾನರು ಓದಿ ಹೇಳತಕ್ಕದ್ದು. ಅತ್ತರೆ ಕಾಯತಕ್ಕದ್ದು. ಅವರು ಅಲ್ಲಿಂದಲೇ ಹೊರಟುಬಿಟ್ಟರೆ, ಗಂಟನ್ನು ಜವಾನರು ಹೊತ್ತುಕೊಳ್ಳತಕ್ಕದ್ದು.